ಕತ್ತರಿ ಮಾಮನ ಫೋನ್ ಉಯಿಲು

"ಕತ್ತರಿ ಮಾಮ ಹೋಗಿಬಿಟ್ರೆ ಮೊದಲನೇ ಮೆಸೇಜು ನನ್ನ ಫೋನಿಗೇ ಬರುತ್ತಂತೆ ಅಕ್ಕ, ಗೊತ್ತಾ?"

ಹೀಗೆ ಅಂದದ್ದು ಬಸ್ ಕಂಡಕ್ಟರ್. ಅವನ ಎರಡು ಕೆನ್ನೆಗೂ ನೊರೆ ಮೆತ್ತಿತ್ತು, ಕೊರಳಿಗೆ ಬಿಳಿ ಬಟ್ಟೆ ಕಟ್ಟಿತ್ತು, ಗಲ್ಲದ ಅಡಿಯಲ್ಲಿ ಮಾಮನ ಅಳಿಯನ ಕೈಯ ರೇಜರ್ ಇತ್ತು.

"ಈಗ ಮಾತು ಬೇಡ. ಗಂಟಲ ಹತ್ರ ಬಂದಿದೀನಿ," ಅಂದ ಅಳಿಯ.

"ಅಲ್ರೀ, ಮಾಮ ಹೋಗಿದ್ದು ಫೋನಿಗೆ ಹೇಗೆ ಗೊತ್ತಾಗುತ್ತೆ?" ಬಾಗಿಲಲ್ಲಿ ನಿಂತಿದ್ದ ಟೈಪಿಂಗ್ ಅಕ್ಕ ಕೇಳಿದರು. ಅವರು ಬಂದದ್ದು ದಿನದ ಪೇಪರ್ ಕೇಳಿಕೊಂಡು ಹೋಗಲು.

"ಹೋಗೋ ಮುಂಚೆ ನಾನೇ ಒಂದು ಬಟನ್ ಒತ್ತಿ ಹೋಗ್ತೀನಮ್ಮ. ನಿನಗ್ಯಾಕೆ ಆ ಚಿಂತೆ?" ಮೂಲೆಯ ಬೆಂಚಿನಿಂದ ಕತ್ತರಿ ಮಾಮ ಹೇಳಿದರು. ಕಂಡಕ್ಟರ್ ನಕ್ಕ. ನೊರೆ ಅಳಿಯನ ಅಂಗಿಯ ಮೇಲೆ ಹಾರಿತು.

ಕತ್ತರಿ ಮಾಮ ಅಂದರೆ ಆ ಕ್ಷೌರದಂಗಡಿಯ ಯಜಮಾನರು. ಹತ್ತು ಅಡಿಗೆ ಹನ್ನೆರಡು ಅಡಿ ಕೋಣೆ, ಸ್ವಂತದ್ದು. ಎರಡು ತಿರುಗುವ ಕುರ್ಚಿ, ಗೋಡೆಯುದ್ದಕ್ಕೂ ಒಂದು ಕನ್ನಡಿ, ಬಾಗಿಲಿಗೆ ಗಾಜು. ನಲವತ್ತಾರು ವರ್ಷ ಅದೇ ಕೋಣೆಯಲ್ಲಿ ನಿಂತು ಬೀದಿಯ ಅರ್ಧ ತಲೆಗಳನ್ನು ತಿದ್ದಿದವರು. ಮೂರು ವರ್ಷದ ಹಿಂದೆ ಅವರ ಬಲಗೈ ನಡುಗಲು ಶುರುವಾಯಿತು. ಡಾಕ್ಟರು ನರದ ತೊಂದರೆ ಅಂದರು, ಮಾತ್ರೆ ಕೊಟ್ಟರು. ನಡುಕ ಸ್ವಲ್ಪ ಇಳಿಯಿತು, ಪೂರಾ ಹೋಗಲಿಲ್ಲ. ಒಂದು ದಿನ ಗಿರಾಕಿಯೊಬ್ಬನ ಕಿವಿಯ ಹಿಂದೆ ಸಣ್ಣದೊಂದು ಗೀರು ಬಿತ್ತು. ಗಿರಾಕಿ ಎಂದಿನಂತೆ ದುಡ್ಡು ಕೊಟ್ಟು ಹೋದ. ಆದರೆ ಮಾಮ ಕತ್ತರಿಯನ್ನು ಒರೆಸಿ, ಡಬ್ಬಿಯಲ್ಲಿಟ್ಟು, ಬೆಂಚಿಗೆ ಬಂದು ಕೂತರು. ಆಮೇಲೆ ಆ ಡಬ್ಬಿ ತೆಗೆಯಲಿಲ್ಲ.

ಈಗ ಅಂಗಡಿ ನಡೆಸುತ್ತಿರುವವನು ಅಳಿಯ. ಒಬ್ಬಳೇ ಮಗಳ ಗಂಡ. ಮದುವೆಯಾದ ಮೇಲೆ ಮಾವನ ಹತ್ತಿರವೇ ಕೆಲಸ ಕಲಿತವನು. ಮಾವ ಗದರಿಸಿದರೆ ತಲೆ ತಗ್ಗಿಸುವನು, ಹೊಗಳಿದರೆ ಇನ್ನೂ ತಗ್ಗಿಸುವನು. ಮೊದಲು ಅತ್ತೆ ತೀರಿಕೊಂಡರು. ಎಂಟು ವರ್ಷದ ಹಿಂದೆ ಹೆಂಡತಿಯೂ ಜ್ವರದಲ್ಲಿ ಹೋದಳು. ಮಕ್ಕಳಿರಲಿಲ್ಲ. ಮಗಳೇ ಇಲ್ಲದ ಮೇಲೆ ಅಳಿಯ ಅನ್ನುವ ನಂಟು ಎಲ್ಲಿ ಉಳಿಯಿತು ಅಂತ ಬೀದಿಯವರು ಆಡಿಕೊಂಡದ್ದುಂಟು. ಮಾವ ಅಳಿಯ ಇಬ್ಬರೂ ಮಾರನೆಯ ದಿನ ಬೆಳಗ್ಗೆ ಏಳಕ್ಕೆ ಒಟ್ಟಿಗೇ ನಿಂತು ಅಂಗಡಿಯ ಶಟರ್ ಎತ್ತಿದರು, ಅಷ್ಟೆ.

ಟೈಪಿಂಗ್ ಅಕ್ಕ ಎದುರು ಸಾಲಿನವರು. ಅರ್ಜಿ, ಕರಾರು, ಪತ್ರ ಬರೆದುಕೊಡುವುದು ಅವರ ಕಸುಬು. ಕಾನೂನು ನೆರವು ಕೇಂದ್ರದಲ್ಲಿ ವಾರಕ್ಕೆರಡು ದಿನ ಪುಕ್ಕಟೆಯಾಗಿ ಕೂತು ಜನರ ತಾಪತ್ರಯ ಕೇಳುತ್ತಾರೆ.

"ಏನದು ಮೆಸೇಜು, ಏನದು ಬಟನ್ನು? ನನಗೂ ಸ್ವಲ್ಪ ಹೇಳಿ," ಅಂತ ಅವರು ಪೇಪರ್ ಮರೆತು ಒಳಗೆ ಬಂದರು.

ಮಾಮ ಇಷ್ಟಕ್ಕೇ ಕಾದಿದ್ದವರಂತೆ ಫೋನ್ ತೆಗೆದರು. "ನನ್ನ ಉಯಿಲಮ್ಮ. ಹೋದ ತಿಂಗಳು ಇಲ್ಲೇ ಈ ಬೆಂಚಿನ ಮೇಲೇ ಕೂತು ಮಾಡ್ದೆ. ಅದಕ್ಕೊಂದು ಆ್ಯಪ್ ಇದೆ. ಯಾರಿಗೆ ಏನು ಅಂತ ಬಾಯಲ್ಲಿ ಹೇಳಿದ್ರೆ ಅದೇ ಬರ್ಕೊಳ್ಳುತ್ತೆ. ನಾನು ಹೋದ ಮೇಲೆ ಸಾಕ್ಷಿಗಳಿಗೆ ಮೆಸೇಜೂ ಅದೇ ಕಳಿಸುತ್ತಂತೆ. ಗುರುತಿನ ನಂಬರ್ ಹಾಕ್ದೆ, ಒಟಿಪಿ ಬಂತು, ಒತ್ತಿದೆ. ನೋಡು, ಹಸಿರು ಟಿಕ್. ನನ್ನದೊಂದು, ಸಾಕ್ಷಿಗಳದ್ದು ಎರಡು. ಒಟ್ಟು ಮೂರು ಟಿಕ್. ಒಂದು ಸಾಕ್ಷಿ ಈ ಕಂಡಕ್ಟರು, ಇನ್ನೊಂದು ಬೇಕರಿಯವನು."

"ಯಾರಿಗೆ ಬರೆದಿದೀರಿ?"

"ಇನ್ಯಾರಿಗೆ? ಈ ಅಂಗಡಿ, ಹಿಂದಿನ ಕೋಣೆ, ಎರಡೂ ಅಳಿಯಂದ್ರಿಗೆ."

ಅಳಿಯ ರೇಜರಿನ ನೊರೆಯನ್ನು ಕಾಗದಕ್ಕೆ ಒರೆಸುತ್ತಾ, "ನಾನೇನೂ ಕೇಳಿರಲಿಲ್ಲ ಅಕ್ಕ," ಅಂದ.

"ಅಳಿಯಂದ್ರೇ, ನೀವು ಕೇಳ್ಲಿಲ್ಲ, ಅದು ಇಡೀ ಬೀದಿಗೇ ಗೊತ್ತು. ನೀವು ಗಡ್ಡ ಮಾಡಿ."

"ಇಷ್ಟು ಅವಸರ ಯಾಕೆ ಬಂತು ಮಾಮ?" ಅಕ್ಕ ಕೇಳಿದರು.

ಮಾಮನ ಬದಲು ಕಂಡಕ್ಟರೇ ಹೇಳಿದ. "ಮಾಮನ ತಮ್ಮನ ಮಗ ಬಂದಿದ್ದ ಅಕ್ಕ. ಹೇರ್ ಕಟ್ಟಿಂಗ್ ಅಂತ ಬಂದವನು ಜೇಬಿಂದ ಟೇಪ್ ತೆಗೆದು ಬಾಗಿಲ ಅಗಲ ಅಳೀತಾನೆ! ನಾನು ಇದೇ ಕುರ್ಚೀಲಿ ಕೂತಿದ್ದೆ. ಯಾಕಪ್ಪಾ ಅಂದ್ರೆ, ಸುಮ್ನೆ ಕುತೂಹಲ ಅಂದ. ಯಾರಾದ್ರೂ ಕುತೂಹಲಕ್ಕೆ ಎರಡು ಸಲ ಅಳೀತಾರಾ?"

"ಅಳೀಲಿ ಬಿಡೋ," ಅಂದರು ಮಾಮ. "ಟೇಪು ಅವನದು, ಕೈಯೂ ಅವನದು. ನನ್ನ ಫೋನಲ್ಲಿ ಎಲ್ಲಾ ಇದೆ."

ಟೈಪಿಂಗ್ ಅಕ್ಕ ಫೋನ್ ತೆಗೆದುಕೊಂಡು ಮೂರು ಪುಟಗಳನ್ನೂ ಓದಿದರು. ಓದಿ ಮುಗಿದ ಮೇಲೂ ಫೋನ್ ವಾಪಸು ಕೊಡದೆ ಹಾಗೇ ನಿಂತರು.

"ಬರವಣಿಗೆ ಚೆನ್ನಾಗಿದೆ ಮಾಮ. ಆದ್ರೆ ಇದು ಉಯಿಲು ಅಂತ ನಡೆಯಲ್ಲ."

"ಏನಂದೆ?"

"ಫೋನ್ ಸಹಿ ಉಯಿಲಿಗೆ ಆಗಲ್ಲ. ನಮ್ಮ ಕಾನೂನು ಅದನ್ನ ಪಟ್ಟಿ ಮಾಡಿ ಹೊರಗಿಟ್ಟಿದೆ. ಉಯಿಲು ಇಲ್ಲ ಅಂತಾದ್ರೆ ಆಸ್ತಿ ನಿಮ್ಮ ತಮ್ಮನ ಕಡೆಗೆ ಹೋಗುತ್ತೆ, ಅಳಿಯನಿಗಲ್ಲ."

ಅಳಿಯನ ರೇಜರ್ ಅರ್ಧಕ್ಕೇ ನಿಂತಿತು. ಕಂಡಕ್ಟರನ ಅರ್ಧ ಮುಖ ನುಣ್ಣಗಾಗಿತ್ತು, ಇನ್ನರ್ಧದಲ್ಲಿ ನೊರೆ ಒಣಗುತ್ತಿತ್ತು.

"ಹೋಗಮ್ಮ ಹೋಗು," ಅಂದರು ಮಾಮ. "ನಿನ್ನ ಟೈಪಿಂಗ್ ಅಂಗಡಿಗೆ ಗಿರಾಕಿ ಕಮ್ಮಿ ಆದ್ರು ಅಂತ ಫೋನಿನ ಮೇಲೆ ಕಣ್ಣು ಹಾಕ್ತೀಯಾ?"

"ಉಯಿಲು ಬರೆಯೋಕೆ ನನ್ನ ಹತ್ರ ಬರಬೇಕು ಅಂತಾನೂ ಇಲ್ಲ ಮಾಮ. ಬಿಳಿ ಹಾಳೆ ಮೇಲೆ ನೀವೇ ಬರೀಬಹುದು. ಛಾಪಾ ಕಾಗದ ಕೂಡ ಬೇಕಾಗಿಲ್ಲ. ನನಗೆ ಇದರಲ್ಲಿ ಏನೂ ಗಿಟ್ಟಲ್ಲ, ಹೊಟ್ಟೆಉರಿ ಪಡೋಕೂ ಕಾರಣ ಇಲ್ಲ."

"ಮತ್ತೆ ಬ್ಯಾಂಕಿನವರು ಹೇಗೆ ಒಪ್ತಾರೆ? ಪಿಂಚಣಿ ಆಫೀಸಿನವರು ಹೇಗೆ ಒಪ್ತಾರೆ? ಅವರೆಲ್ಲ ದಡ್ಡರಾ?"

ಮಾಮನ ದನಿ ಏರಿದ್ದಕ್ಕೆ ಕಾರಣವಿತ್ತು, ಅದನ್ನು ಇಲ್ಲಿ ಹೇಳಲೇಬೇಕು. ಕೈ ನಡುಗಲು ಶುರುವಾದ ಹೊಸದರಲ್ಲಿ ಬ್ಯಾಂಕಿನಲ್ಲಿ ಅವರ ಸಹಿ ಹೊಂದುತ್ತಿಲ್ಲ ಅಂದರು. ಇನ್ನೊಂದು ಸಲ ಮಾಡಿ ಅಂದರು, ಮತ್ತೊಂದು ಸಲ ಅಂದರು. ಒಂಬತ್ತು ಸಲ ಮಾಡಿಸಿದರು. ಹಿಂದೆ ಸಾಲು ಬೆಳೆಯಿತು. ಸಾಲಿನಲ್ಲಿದ್ದವರಲ್ಲಿ ನಾಲ್ವರ ತಲೆಗೆ ಅವರೇ ಕತ್ತರಿ ಆಡಿಸಿದ್ದರು. ಹತ್ತನೆಯ ಸಲ ಅವರು ಪೆನ್ನು ಇಟ್ಟು ಮನೆಗೆ ಬಂದುಬಿಟ್ಟರು. ಆಮೇಲೆ ಯಾರೋ ಪುಣ್ಯಾತ್ಮರು ಫೋನಿನಲ್ಲೇ ಒಪ್ಪಿಗೆ ಕೊಡುವುದನ್ನು ಕಲಿಸಿದರು. ಅಂದಿನಿಂದ ಬ್ಯಾಂಕು, ಕರೆಂಟ್ ಬಿಲ್ಲು, ಪಿಂಚಣಿಯ ಮುಖದ ಗುರುತು, ಆಸ್ಪತ್ರೆಯ ಫಾರ್ಮು, ಎಲ್ಲವೂ ಫೋನಿನಲ್ಲೇ. ಎಪ್ಪತ್ತೆರಡನೆಯ ವಯಸ್ಸಿಗೆ ಬೀದಿಯ ಹರೆಯದವರಿಗಿಂತ ಚುರುಕಾದರು. ಫೋನಿಗೆ ಅಕ್ಷರ ಸೊಟ್ಟಗಾದದ್ದು ಕಾಣುವುದಿಲ್ಲವಲ್ಲ. ನಡುಗುವ ಬೆರಳಿನಿಂದ ಒತ್ತಿದರೂ ಟಿಕ್ ನೆಟ್ಟಗೇ ಬೀಳುತ್ತದೆ.

ಅಕ್ಕ ಬೆಂಚಿನ ಮೇಲೆ ಅವರ ಪಕ್ಕ ಕೂತರು. "ಬ್ಯಾಂಕಿನವರೂ ಸರಿ, ಪಿಂಚಣಿಯವರೂ ಸರಿ. ಆ ಕೆಲಸಗಳಿಗೆ ಫೋನ್ ಸಹಿ ಪಕ್ಕಾ. ಅದನ್ನ ಬಿಡಿ ಅಂತ ನಾನು ಹೇಳಲ್ಲ. ನನ್ನ ಅಂಗಡೀಲೇ ದಿನಾ ಎಷ್ಟೋ ಕರಾರಿಗೆ ಜನ ಹಾಗೇ ಸಹಿ ಹಾಕ್ತಾರೆ. ಆದ್ರೆ ಕೆಲವು ಪತ್ರಗಳಿಗೆ ಮಾತ್ರ ಅದು ಹೊಂದಲ್ಲ. ಉಯಿಲು ಒಂದು. ಆಸ್ತೀನ ಟ್ರಸ್ಟ್ ಮಾಡಿ ಬರೆಯೋ ಪತ್ರ ಒಂದು. ನನ್ನ ಪರವಾಗಿ ನೀನೇ ಎಲ್ಲಾ ಮಾಡು ಅಂತ ಮನೆಯವರಿಗೋ ಪರಿಚಯದವರಿಗೋ ಕೊಡ್ತೀವಲ್ಲ, ಮುಖ್ತ್ಯಾರು ಪತ್ರ, ಪವರ್ ಆಫ್ ಅಟಾರ್ನಿ, ಅದೊಂದು. ನಮ್ಮ ನಮ್ಮಲ್ಲೇ ಸಾಲಕ್ಕೆ ಬರ್ಕೊಳ್ಳೋ ಪ್ರಾಮಿಸರಿ ನೋಟು ಕೂಡ. ಬ್ಯಾಂಕಿನಂಥವರಿಗೆ ಬರೆದು ಕೊಡುವಾಗ ಬೇರೆ ನಿಯಮ ಇದೆ, ಅದು ಅವರು ನೋಡ್ಕೊಳ್ತಾರೆ."

"ಅದೇ ಯಾಕೆ? ಉಯಿಲು ಏನು ಪಾಪ ಮಾಡ್ತು?"

"ನಾನು ತಿಳ್ಕೊಂಡಿರೋದು ಹೇಳ್ತೀನಿ, ಕೇಳಿ. ಬ್ಯಾಂಕಿನ ಕಾಗದದಲ್ಲಿ ಏನಾದ್ರೂ ತಕರಾರು ಬಂದ್ರೆ ನಿಮ್ಮನ್ನೇ ಕರೆದು ಕೇಳ್ಬಹುದು. ಮಾಮ, ಇದು ನೀವು ಒತ್ತಿದ್ದಾ ಅಂತ. ನೀವು ಹೂಂ ಅಂತೀರಿ, ಮುಗೀತು. ಉಯಿಲಿನ ತಕರಾರು ಶುರು ಆಗೋದೇ ಬರೆದವರು ಹೋದ ಮೇಲೆ. ಯಾರನ್ನ ಕೇಳೋದು? ಫೋನು ಅವತ್ತು ಯಾರ ಕೈಲಿತ್ತು? ಒಟಿಪಿ ಯಾರು ಓದಿ ಹೇಳಿದ್ರು? ಯಾರಾದ್ರೂ ಪಕ್ಕದಲ್ಲಿ ನಿಂತು ಒತ್ತಿಸಿದ್ರಾ? ಮಾತಾಡೋಕೆ ಉಳಿಯೋದು ಸಾಕ್ಷಿಗಳು ಮಾತ್ರ. ಅದಕ್ಕೇ ಹಾಳೆ ಮೇಲೆ ಸಹಿ, ಕಣ್ಣಾರೆ ನೋಡಿದ ಇಬ್ಬರು ಸಾಕ್ಷಿ ಅಂತ ಇಟ್ಟಿದಾರೆ."

"ಸಾಕ್ಷಿ ಇದಾರಲ್ಲಮ್ಮ! ಇಲ್ಲೇ ಒಬ್ಬ ಬಾಯಿ ಬಿಟ್ಕೊಂಡು ಕೂತಿದಾನೆ. ವಿಡಿಯೋ ಕೂಡ ಮಾಡಿದೀನಿ, ನೋಡು. ನಾನೇ ಮಾತಾಡಿದೀನಿ."

"ವಿಡಿಯೋ ಇರಲಿ, ಅಳಿಸಬೇಡಿ. ಮುಂದೆ ಆಸರೆಗೆ ಬಂದ್ರೂ ಬರಬಹುದು. ಆದ್ರೆ ಅದು ಉಯಿಲಿನ ಜಾಗಕ್ಕೆ ಬರಲ್ಲ."

"ಹಾಗಾದ್ರೆ ಈ ಮೂರು ಪುಟ ಪ್ರಿಂಟ್ ತೆಗೆಸಿ ಬೀರುವಲ್ಲಿಡ್ತೀನಿ. ಆಗ ಕಾಗದ ಆಯ್ತಲ್ಲ?"

"ಪ್ರಿಂಟಿನ ಮೇಲೆ ನಿಮ್ಮ ಕೈ ಎಲ್ಲಿ ಬಿತ್ತು ಮಾಮ? ಅದು ಫೋಟೋದಲ್ಲಿ ಊಟ ತೋರ್ಸಿದ ಹಾಗೆ."

ಮಾಮನಿಗೆ ಸಿಟ್ಟು ಬಂತು. ಬಲಗೈ ತೊಡೆಯ ಮೇಲೆ ಕುಣಿಯತೊಡಗಿತು. ಅವರು ಅದನ್ನು ಎಡಗೈಯಿಂದ ಅದುಮಿ ಹಿಡಿದರು. ಸಿಟ್ಟು ಬಂದಾಗ ನಡುಕ ಹೆಚ್ಚು.

"ನೋಡಿದ್ಯಾ ಇದನ್ನ?" ಅಂದರು. "ಈ ಕೈಲಿ ಸಹಿ ಹಾಕು ಅಂತೀಯಾ? ಒಂದು ದಿನ ಒಂದು ಥರ ಬರುತ್ತೆ. ನಾಳೆ ಆ ಟೇಪಿನವನು ಬಂದು, ಇದು ನಮ್ಮ ದೊಡ್ಡಪ್ಪನ ಸಹಿನೇ ಅಲ್ಲ ಅಂತಾನೆ. ಬ್ಯಾಂಕಿನ ಹಳೇ ಸಹಿ ತಂದು ಪಕ್ಕಕ್ಕಿಡ್ತಾನೆ. ಜಡ್ಜು ಎರಡನ್ನೂ ನೋಡ್ತಾನೆ. ಅಳಿಯಂದ್ರೇ ಬರೆದಿದಾರೆ ಅಂತ ಇವರ ಮೇಲೇ ಬರುತ್ತೆ. ಬೇಡಮ್ಮ ಬೇಡ. ನನ್ನ ಟಿಕ್ಕೇ ನನಗೆ ಸಾಕು. ಪೇಪರ್ ತಗೋ, ಹೋಗು."

ಅಳಿಯ ರೇಜರ್ ಕೆಳಗಿಟ್ಟ. "ಬಿಟ್ಬಿಡಿ ಅಕ್ಕ. ಅವರಿಗೆ ಬಿಪಿ ಏರುತ್ತೆ. ಅಂಗಡಿ ಹೋದ್ರೆ ಹೋಗ್ಲಿ, ನನಗೆ ಕೈಕೆಲಸ ಇದೆ. ಯಾವ ಕುರ್ಚಿ ಹಿಂದೆ ನಿಂತ್ರೂ ಹೊಟ್ಟೆ ತುಂಬುತ್ತೆ."

"ಅಂಗಡಿ ಹೋದ್ರೆ ಹೋಗ್ಲಿ ಅಂತೆ!" ಮಾಮ ಬೆಂಚಿನಿಂದ ಅರ್ಧ ಎದ್ದರು. "ಹಿಂದಿನ ಕೋಣೇಲಿ ಮಲಗೋರು ಯಾರು? ನೀವು ತಾನೇ? ಅವನು ಬಂದು ಬೀಗ ಹಾಕಿದ್ರೆ ಕುರ್ಚಿ ಜತೆ ಹಾಸಿಗೇನೂ ಬೀದಿಗೆ ಬರುತ್ತೆ. ಆಗ ಎಲ್ಲಿ ಮಲಗ್ತೀರಿ? ಬಸ್ಸಲ್ಲಾ?"

"ಬಸ್ಸಲ್ಲಿ ಜಾಗ ಕೊಡೋಣ ಬಿಡಿ," ಅಂತ ಕಂಡಕ್ಟರ್ ತಮಾಷೆಗೆ ಬಾಯಿ ಹಾಕಿದ. ಯಾರೂ ನಗಲಿಲ್ಲ.

ಟೈಪಿಂಗ್ ಅಕ್ಕ ಆಗ ಅವನ ಕಡೆ ತಿರುಗಿದರು. "ಅಣ್ಣಾ, ನಿಮ್ಮನ್ನೇ ಒಂದು ಮಾತು ಕೇಳ್ತೀನಿ. ನೀವು ಸಾಕ್ಷಿ ಹಾಕಿದ್ದು ಎಲ್ಲಿ ಕೂತು?"

"ಕೂತಿರಲಿಲ್ಲ, ನಿಂತಿದ್ದೆ. ಬಸ್ಸಲ್ಲಿ. ಫೋನ್ ಟಿಣ್ ಅಂತು. ಮಾಮನ ಹೆಸರು ಕಾಣಿಸ್ತು, ಒತ್ತಿದೆ. ನಾಲ್ಕನೇ ಸ್ಟಾಪೋ ಐದನೇದೋ ಇರಬೇಕು. ಜನ ತುಂಬಿತ್ತು."

"ಮಾಮ ಒತ್ತಿದ್ದು ನೀವು ನೋಡಿದ್ರಾ?"

"ಹೇಗೆ ನೋಡ್ಲಿ? ಅವರು ಇಲ್ಲಿ, ನಾನು ಅಲ್ಲಿ."

"ಆಮೇಲಾದ್ರೂ ಮಾಮ ನಿಮ್ಮ ಮುಂದೆ, 'ಇದು ನಾನೇ ಹಾಕಿದ ಸಹಿ' ಅಂತ ಆ ಪುಟ ತೋರಿಸಿದ್ರಾ?"

"ಇಲ್ಲಕ್ಕ. ಆವತ್ತಿಂದ ಮೆಸೇಜ್ ತಮಾಷೆನೇ ಮಾತಾಡಿದ್ದು."

"ನಾಳೆ ಕೋರ್ಟಲ್ಲಿ ಪ್ರಮಾಣ ಮಾಡಿಸಿ, ಇವರು ಸಹಿ ಹಾಕಿದ್ದನ್ನ ಕಣ್ಣಾರೆ ನೋಡಿದ್ರಾ ಅಂತ ಕೇಳಿದ್ರೆ?"

ಕಂಡಕ್ಟರ್ ಕನ್ನಡಿಯಲ್ಲಿ ತನ್ನ ಅರ್ಧ ನೊರೆಯ ಮುಖ ನೋಡಿಕೊಂಡ. ಕನ್ನಡಿಯಲ್ಲೇ ಅವನಿಗೆ ಹಿಂದೆ ಕೂತ ಮಾಮನೂ ಕಾಣುತ್ತಿದ್ದರು.

"ಇಲ್ಲ ಅಂತಲೇ ಹೇಳ್ಬೇಕಾಗುತ್ತೆ," ಅಂದ.

"ನೋಡಿದೆ ಅಂತ ಹೇಳಲ್ವೇನೋ?" ಮಾಮ ಕೇಳಿದರು. ಅವರ ದನಿ ಇಳಿದಿತ್ತು. "ಇಪ್ಪತ್ತು ವರ್ಷದಿಂದ ನಿನ್ನ ತಲೆ ನನ್ನ ಕೈಲಿದೆ."

"ತಲೆ ನಿಮ್ಮ ಕೈಲೇ ಇದೆ ಮಾಮ. ಆದ್ರೆ ಟಿಕೆಟ್ ಹರೀತಾ ಇದ್ದವನು ಸಹಿ ನೋಡಿದೆ ಅಂತ ಪ್ರಮಾಣ ಮಾಡಿ ಹೇಗೆ ಹೇಳ್ಲಿ? ಆ ಹೊತ್ತಿಗೆ ನಾನು ಡ್ಯೂಟೀಲಿದ್ದದ್ದು ಡಿಪೋ ಪುಸ್ತಕದಲ್ಲೇ ಇರುತ್ತೆ. ಅವನ ವಕೀಲ ಅದನ್ನ ತೆಗೆದು ತೋರಿಸ್ತಾನೆ. ನಾನು ಸುಳ್ಳ ಆಗ್ತೀನಿ. ನನ್ನ ಸುಳ್ಳಿನ ಜತೆ ನಿಮ್ಮ ಅಳಿಯಂದ್ರೂ ಮುಳುಗ್ತಾರೆ."

ಕಾನೂನಿನ ಮಾತಿಗಿಂತ ಈ ಮಾತು ಮಾಮನಿಗೆ ನಾಟಿತು. ಮೂರು ಹಸಿರು ಟಿಕ್‌ಗಳ ಹಿಂದೆ ಒಬ್ಬರೂ ಇನ್ನೊಬ್ಬರನ್ನು ನೋಡಿಲ್ಲ ಅನ್ನುವುದು ಆ ತನಕ ಅವರಿಗೆ ಹೊಳೆದೇ ಇರಲಿಲ್ಲ.

ಅಕ್ಕ ಮೆಲ್ಲಗೆ ಅಂದರು. "ಮಾಮ, ಬ್ಯಾಂಕಿನವರಿಗೆ ಇರೋದು ಹಳೇ ಸಹಿ ಒಂದೇ. ಅದಕ್ಕೆ ಅವರು ಅಕ್ಷರಕ್ಕೆ ಅಕ್ಷರ ಹೋಲಿಸ್ತಾರೆ. ಉಯಿಲಿಗೆ ಹಾಗಲ್ಲ. ನಿಮ್ಮ ಕೈ ನಡುಗ್ತಾ ಬರೆದಿದ್ದನ್ನ ಇಬ್ಬರು ಎದುರು ಕೂತು ನೋಡಿರ್ತಾರೆ. ಅಕ್ಷರ ಅಂದವಾಗಿರಬೇಕು ಅಂತ ಎಲ್ಲೂ ಬರೆದಿಲ್ಲ. ಸಹಿ ಆಗದೇ ಹೋದ್ರೆ ಗುರುತು ಹಾಕಿದ್ರೂ ನಡೆಯುತ್ತೆ, ಹೆಬ್ಬೆಟ್ಟೂ ಆಗುತ್ತೆ. ಬೇಕಾದ್ರೆ ಎರಡೂ ಹಾಕಿ. 'ನರದ ತೊಂದರೆಯಿಂದ ನನ್ನ ಕೈ ನಡುಗುತ್ತದೆ, ನನ್ನ ಬುದ್ಧಿ ಸರಿಯಾಗಿದೆ' ಅಂತ ಆ ಕಾಗದದಲ್ಲೇ ಒಂದು ಸಾಲು ಬರೆಯೋಣ. ಡಾಕ್ಟರ ಚೀಟಿ ಒಂದು ಜತೆಗಿಡೋಣ. ಮುಚ್ಚಿಡೋದಕ್ಕಿಂತ ಹೇಳಿಬಿಡೋದೇ ವಾಸಿ."

"ಬುದ್ಧಿ ಸರಿಯಾಗಿದೆ ಅಂತ ನಾನೇ ಬರ್ಕೊಂಡ್ರೆ ಯಾರು ನಂಬ್ತಾರೆ?" ಅಂದರು ಮಾಮ.

ಕಂಡಕ್ಟರ್ ನಕ್ಕ. ಈ ಸಲ ಅಕ್ಕನೂ ನಕ್ಕರು. ಮಾಮ ಹಾದಿಗೆ ಬಂದರು ಅಂತ ಎಲ್ಲರಿಗೂ ಗೊತ್ತಾಯಿತು.

"ನನ್ನ ಇನ್ನರ್ಧ ಗಡ್ಡ?" ಕಂಡಕ್ಟರ್ ಕೇಳಿದ. ಅಳಿಯ ಬ್ರಷ್ಷನ್ನು ಮತ್ತೆ ಬಿಸಿನೀರಿಗೆ ಅದ್ದಿದ.

ವಾರದ ರಜೆಯ ದಿನ ಅಂಗಡಿಯಲ್ಲೇ ಸೇರುವುದು ಅಂತಾಯಿತು. ಫೋನಿನಲ್ಲಿದ್ದ ಮಾತುಗಳನ್ನೇ ಅಕ್ಕ ಒಂದು ಬಿಳಿ ಹಾಳೆಗೆ ಇಳಿಸಿ ತಂದರು. ಮೇಲೆ ತಾರೀಕು, ಅಂಗಡಿಯ ವಿವರ, ಹಿಂದಿನ ಕೋಣೆಯ ವಿವರ, ಯಾರಿಗೆ ಅನ್ನುವುದು, ಕೈ ನಡುಕದ ಸಾಲು. 'ಈ ಹಿಂದೆ ಫೋನಿನಲ್ಲಿ ಬರೆದದ್ದೂ ಸೇರಿ ಹಳೆಯದೆಲ್ಲ ರದ್ದು, ಇದೇ ಕೊನೆಯದು' ಅನ್ನುವ ಮಾತು ಕೂಡ. ಕಂಡಕ್ಟರ್ ಸಮವಸ್ತ್ರವಿಲ್ಲದೆ ಇಸ್ತ್ರಿ ಅಂಗಿ ಹಾಕಿಕೊಂಡು ಬಂದಿದ್ದ. ಬೇಕರಿಯವನು ಕೈಯ ಹಿಟ್ಟು ತೊಳೆದುಕೊಂಡು ಬಂದ. ಅವನೂ ಹಿಂದಿನ ಸಲ ಒಲೆಯ ಮುಂದೆ ನಿಂತೇ ಒತ್ತಿದ್ದನಂತೆ. "ಬಿಸ್ಕತ್ತು ಹೊತ್ತಿಹೋಗುತ್ತೆ ಅಂತ ಓದದೇ ಒತ್ತಿದೆ," ಅಂತ ಒಪ್ಪಿಕೊಂಡ.

ಅಳಿಯ ಮಾವನ ಕುರ್ಚಿಯನ್ನು ಮೇಜಿನ ಹತ್ತಿರ ಸರಿಸಿ, ಅವರ ಬಲ ಮೊಣಕೈ ಹಿಡಿದು ನಿಂತ. ಚಹಾ ಕುಡಿಯುವಾಗಲೂ ಅವನು ಹೀಗೇ ಹಿಡಿಯುತ್ತಾನೆ, ಲೋಟ ಅಲ್ಲಾಡಬಾರದು ಅಂತ.

"ತಮ್ಮಾ, ನೀವು ಕೈ ಬಿಡಿ," ಅಂದರು ಅಕ್ಕ. "ಕೈ ಬಿಟ್ಟು ಹೊರಗೆ ಹೋಗಿ."

"ನಾನು ಹಿಡೀದಿದ್ರೆ ಅವರಿಗೆ ಆಗಲ್ಲ ಅಕ್ಕ."

"ಗೊತ್ತು. ಆದ್ರೆ ಆಸ್ತಿ ಬರೋದು ನಿಮಗೆ. ನೀವೇ ಕೈ ಹಿಡಿದು ಬರೆಸಿದ್ರಿ ಅನ್ನೋ ಮಾತಿಗೆ ಜಾಗ ಕೊಡಬಾರದು. ಅದಕ್ಕೇ ಯಾರಿಗೆ ಬರೀತೀವೋ ಅವರಾಗಲಿ, ಅವರ ಗಂಡನೋ ಹೆಂಡ್ತಿಯೋ ಆಗಲಿ ಸಾಕ್ಷಿ ಹಾಕಬಾರದು ಅನ್ನೋದು. ಹತ್ತಿರ ಕೂಡ ನಿಲ್ಲದಿದ್ರೆ ಒಳ್ಳೇದು."

ಅಳಿಯ ಮಾವನ ಮುಖ ನೋಡಿದ. "ಹೋಗಿ ಅಳಿಯಂದ್ರೇ," ಅಂದರು ಮಾಮ. "ಬೀದಿ ಗಾಳಿ ಕುಡೀರಿ. ನಾನೇನು ಮುಳುಗಿ ಹೋಗಲ್ಲ."

ಅವನು ಹೊರಗೆ ಹೋಗಿ ಗಾಜಿನ ಬಾಗಿಲಿಗೆ ಬೆನ್ನು ಹಾಕಿ ನಿಂತ.

ಅಕ್ಕ ಹಾಳೆಯನ್ನು ಒಮ್ಮೆ ಗಟ್ಟಿಯಾಗಿ ಓದಿ ಹೇಳಿದರು. ಮಾಮ ಪೆನ್ನು ತೆಗೆದುಕೊಂಡರು. ಪೆನ್ನಿನ ತುದಿ ಕಾಗದದ ಮೇಲೆ ಕುಣಿದು ಒಂದಷ್ಟು ಚುಕ್ಕೆ ಬಿತ್ತು. ಅವರು ನಿಲ್ಲಿಸಿದರು. ಉಸಿರು ಎಳೆದುಕೊಂಡರು. ಯಾರೂ ಇನ್ನೊಂದು ಸಲ ಮಾಡಿ ಅನ್ನಲಿಲ್ಲ, ಬೇಗ ಅನ್ನಲಿಲ್ಲ. ಇಬ್ಬರು ಸಾಕ್ಷಿಗಳೂ ಮೊಣಕಾಲ ಮೇಲೆ ಕೈಯಿಟ್ಟು ಪೆನ್ನನ್ನೇ ನೋಡುತ್ತಾ ಕೂತಿದ್ದರು. ನಿಮಿಷಕ್ಕೊಂದು ಸಲ ಗಡಿಯಾರ ನೋಡುವ ಕಂಡಕ್ಟರ್ ಆ ಹೊತ್ತು ಮಣಿಕಟ್ಟಿನ ಕಡೆ ಕಣ್ಣು ಹಾಯಿಸಲಿಲ್ಲ. ಒಂದೊಂದು ಅಕ್ಷರವೂ ಹಾಳೆಯ ಮೇಲೆ ಏರಿ, ಇಳಿದು, ತೆವಳಿಕೊಂಡು ಬಂತು. ಮುಗಿದಾಗ ಸಹಿ ಸಾಲಿನ ಅರ್ಧಕ್ಕೆ ಶುರುವಾಗಿ ಅಂಚಿಗೆ ಮುಟ್ಟಿತ್ತು.

"ಇದೇನು ಸಹಿನೋ, ಇರುವೆ ಸಾಲೋ," ಅಂದರು ಮಾಮ.

"ಇರುವೆನೇ ಆಗ್ಲಿ ಮಾಮ, ಇದನ್ನ ನಾನು ನೋಡಿದೀನಿ," ಅಂದ ಕಂಡಕ್ಟರ್. "ಯಾರೇ ಕೇಳ್ಲಿ, ಮೊದಲನೇ ಚುಕ್ಕೆಯಿಂದ ಹೇಳ್ತೀನಿ."

ಸಹಿಯ ಪಕ್ಕದಲ್ಲಿ ಮಾಮ ಎಡಗೈ ಹೆಬ್ಬೆಟ್ಟನ್ನೂ ಒತ್ತಿದರು. ಆಮೇಲೆ ಅವರ ಕಣ್ಣೆದುರೇ ಕಂಡಕ್ಟರ್ ಸಹಿ ಹಾಕಿದ, ಬೇಕರಿಯವನು ಹಾಕಿದ, ಇಬ್ಬರೂ ತಮ್ಮ ಮನೆ ವಿಳಾಸ ಬರೆದರು. ನೋಂದಣಿ ಕಚೇರಿಗೆ ಹೋಗಿ ದಾಖಲು ಮಾಡಿಸುವುದು ಕಡ್ಡಾಯವಲ್ಲ, ಮಾಡಿಸಿದರೆ ಒಳ್ಳೆಯದು ಅಂತ ಅಕ್ಕ ಹೇಳಿದರು. ತಕರಾರು ತೆಗೆಯುವವರು ಇದ್ದಾರೆ ಅಂತ ಗೊತ್ತಿರುವಾಗ ಮಾಡಿಸಿಬಿಡೋಣ ಅಂತ ಮಾಮನೇ ಅಂದರು. ಮುಂದಿನ ವಾರ ಬಸ್ಸಿನಲ್ಲಿ ಹೋಗುವುದು ಅಂತ ತೀರ್ಮಾನವಾಯಿತು.

ಓದುತ್ತಿರುವ ಅಣ್ಣ, ಅಕ್ಕ, ನಿಮಗೂ ಒಂದು ಮಾತು. ಫೋನಿನಲ್ಲಿ ಸಹಿ ಹಾಕುವುದನ್ನು ಬಿಡಬೇಡಿ. ಸಾಲಿನಲ್ಲಿ ನಿಲ್ಲುವುದು ತಪ್ಪುತ್ತದೆ, ಕೈಲಾಗದವರಿಗೆ ಅದು ದೊಡ್ಡ ಆಸರೆ. ಆದರೆ ನಿಮ್ಮ ಮನೆಯ ಯಾರಾದರೂ ಉಯಿಲನ್ನೋ ಮುಖ್ತ್ಯಾರು ಪತ್ರವನ್ನೋ ಟ್ರಸ್ಟಿನ ಪತ್ರವನ್ನೋ ಫೋನಿನಲ್ಲಿ ಬರೆದು, ಟಿಕ್ ಬಿತ್ತು, ಕೆಲಸ ಆಯಿತು ಅಂದುಕೊಂಡಿದ್ದರೆ ಇವತ್ತೇ ಅವರನ್ನು ಕೂರಿಸಿ ಮಾತಾಡಿ. ಬರೆದವರು ಎದುರಿಗಿರುವಾಗ ಸರಿಮಾಡಲು ಒಂದು ಹಾಳೆ, ಒಂದು ಪೆನ್ನು, ಉಯಿಲಾದರೆ ಕಣ್ಣಾರೆ ನೋಡುವ ಇಬ್ಬರು ಸಾಕು. ಅವರು ಹೋದ ಮೇಲೆ ಎಷ್ಟು ಅತ್ತರೂ ಆ ಸಹಿ ಹಾಕಿಸಲಾಗುವುದಿಲ್ಲ. ನೀವು ಸಾಕ್ಷಿಯಾದರೆ ಹೋಗಿ ಕೂತು ನೋಡಿ, ನೋಡಿದ ಮೇಲೆ ಸಹಿ ಹಾಕಿ. ಇಂಥ ನಿಯಮಗಳು ಆಗಾಗ ತಿದ್ದುಪಡಿಯಾಗುತ್ತವೆ, ಆದ್ದರಿಂದ ನಿಮ್ಮ ಹತ್ತಿರದ ಕಾನೂನು ನೆರವು ಕೇಂದ್ರದಲ್ಲಿ ಒಂದು ಮಾತು ಕೇಳಿಕೊಳ್ಳಿ. ಕೇಳುವುದಕ್ಕೆ ನಾಚಿಕೆ ಬೇಡ. ಕೈ ನಡುಗಿದರೆ ಅದಕ್ಕಂತೂ ಬೇಡವೇ ಬೇಡ.

ಸಾಕ್ಷಿಗಳಿಬ್ಬರೂ ಎದ್ದು ಹೋದ ಮೇಲೆ ಅಕ್ಕ ಗಾಜಿನ ಬಾಗಿಲು ತಟ್ಟಿದರು. ಅಳಿಯ ಒಳಗೆ ಬಂದ. ಕಾಗದದ ಕಡೆ ನೋಡದೆ ನೇರ ಮಾವನ ಹತ್ತಿರ ಹೋದ.

"ಆಯ್ತಾ ಮಾವ?"

"ಆಯ್ತು. ನೀವು ಹಿಡೀದೇ ಆಯ್ತು."

"ಇಷ್ಟೆಲ್ಲ ಮಾಡಿ ನೀವು ಬೇಗ ಹೋಗೋ ಯೋಚನೆ ಏನಾದ್ರೂ ಇಟ್ಕೊಂಡಿದ್ರೆ..."

"ಯಾರು ಹೋಗ್ತೀನಿ ಅಂದಿದ್ದು? ಮುಂದಿನ ವಾರ ಬಸ್ಸಿದೆ ನನಗೆ."

ಅಳಿಯ ಕಪಾಟಿನಿಂದ ಹತ್ತಿ ತೆಗೆದು ಅದಕ್ಕೆ ಎರಡು ಹನಿ ಎಣ್ಣೆ ಬಿಟ್ಟ. ಮಾವನ ಎಡಗೈಯನ್ನು ತನ್ನ ಅಂಗೈಯಲ್ಲಿಟ್ಟುಕೊಂಡು, ಹೆಬ್ಬೆರಳಿನ ನೀಲಿ ಶಾಯಿಯನ್ನು ಗೆರೆಗೆರೆಯಾಗಿ ಒರೆಸತೊಡಗಿದ.